ನೈಋತ್ಯ ಮೂಲೆಯ ಟಿಟ್ಟಿಭ

ಕ್ಯೂರಿಂಗ್ ಮುಗಿದು ವರ್ಷ ತುಂಬುತ್ತ ಬಂದರೂ ನನ್ನ ತಂಗಿ ವಿಮಲಾ ತಾರಸಿಗೆ ನೀರು ಬಿಡುವುದನ್ನು ನಿಲ್ಲಿಸಿಲ್ಲ. ಮಧ್ಯಾಹ್ನ ಊಟವಾಗಿ, ಒಂದು ಏಲಕ್ಕಿಯನ್ನು ದವಡೆಗೆ ಒತ್ತರಿಸಿಕೊಂಡು, ಮೆಟ್ಟಿಲ ಪಕ್ಕದ ಮೊಳೆಗೆ ಸುತ್ತಿ ಹಾಕಿರುವ ಹಸಿರು ಪೈಪನ್ನು ಹೆಗಲಿಗೇರಿಸಿ ಹೊರಡುತ್ತಾಳೆ. ಕೆಳಗೆ ನಲ್ಲಿ ತಿರುಗಿಸುವ ಕೆಲಸ ನನ್ನದು. ಕಾಂಕ್ರೀಟು ಎಷ್ಟು ಗಟ್ಟಿಯಾಗಬೇಕೋ ಅಷ್ಟು ಗಟ್ಟಿಯಾಗಿದೆ. ಇನ್ನು ನೀರು ಕುಡಿಸಿದರೆ ಅದಕ್ಕೇ ಅಜೀರ್ಣವಾದೀತು.

"ಏನೇ, ತಾರಸಿ ಮೇಲೆ ಭತ್ತ ನಾಟಿ ಮಾಡಿದ್ದೀಯಾ?" ಎಂದು ಕೇಳಿದರೆ, "ಬೆಳೆದಾಗ ನಿಂಗೂ ಒಂದು ಪಾವು ಕೊಡ್ತೀನಿ ಬುಡು" ಎನ್ನುತ್ತಾಳೆ.

ಆ ಪೈಪು ಮೊಳೆಯ ಮೇಲೆ ಸುಮ್ಮನೆ ತೂಗುತ್ತಿದ್ದರೂ ನನಗೆ ಟಿಟ್ಟಿಭ ಹಕ್ಕಿ ನೆನಪಾಗುತ್ತದೆ. ಪೈಪಿಗೂ ಹಕ್ಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಿ. ಹೇಳುವುದಕ್ಕೇ ಕೂತಿದ್ದೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸಾಲಾಗಿ ಹೇಳುವವಳಲ್ಲ, ಸಾಲಾಗಿ ಹೇಳುವವರನ್ನು ನಂಬುವವಳೂ ಅಲ್ಲ. ನೆನಪು ಎನ್ನುವುದು ಜಾಣ ಟೈಲರು. ಎಲ್ಲಿ ಬಟ್ಟೆ ಸಾಲದೋ ಅಲ್ಲಿ ತುಂಡು ಕೊಟ್ಟು, ಎಲ್ಲಿ ಎಳೆ ಬಿಟ್ಟಿದೆಯೋ ಅಲ್ಲಿ ಅಂಚು ಮಡಿಸಿ ಹೊಲಿದು, ಇಸ್ತ್ರಿ ಹಾಕಿ ಕೈಗೆ ಕೊಡುತ್ತದೆ. ತೊಟ್ಟುಕೊಂಡ ಮೇಲೆ ನಮ್ಮದೇ ಅಳತೆಯದು ಅನ್ನಿಸುತ್ತದೆ. ತಂಗಿ ನಲವತ್ತು ವರ್ಷ ಹೆಂಗಸರ ರವಿಕೆ ಹೊಲಿದವಳು. ಒಳಮಗ್ಗುಲು ತಿರುವಿ ನೋಡದೆ ಹೊಲಿಗೆ ಒಪ್ಪಬಾರದೆಂದು ಅವಳಿಂದಲೇ ಕಲಿತೆ.

ಮನೆ ಕಟ್ಟಿಸಿದವರಿಗೆ ಗೊತ್ತಿರುತ್ತದೆ, ಕಟ್ಟಿಸದವರಿಗೆ ಹೇಳುತ್ತೇನೆ: ತಾರಸಿ ಮೋಲ್ಡಿಂಗ್ ಆದ ಮಾರನೆಯ ದಿನ ಅದರ ಮೇಲೆಲ್ಲ ನಾಲ್ಕು ಬೆರಳೆತ್ತರದ ಪುಟ್ಟ ಬದು ಕಟ್ಟುತ್ತಾರೆ. ಚೌಕ ಚೌಕವಾಗಿ ಮಡಿ ಮಾಡಿ ನೀರು ನಿಲ್ಲಿಸುತ್ತಾರೆ. ಮೂರು ವಾರ ಆ ನೀರು ಬತ್ತಬಾರದು; ಕ್ಯೂರಿಂಗ್ ಎಂದರೆ ಇದೇ. ಪಕ್ಕದ ಎತ್ತರದ ಮನೆಯಿಂದ ನೋಡಿದರೆ ಮೈಸೂರಿನ ಈ ಹೆಬ್ಬಾಳದ ನೆತ್ತಿಯ ಮೇಲೆ ಯಾರೋ ನಾಟಿಗೆ ಗದ್ದೆ ಸಿದ್ಧ ಮಾಡಿದ್ದಾರೆ ಅನ್ನಿಸಬೇಕು. ಸುತ್ತ ಕಾರ್ಖಾನೆಗಳ ಶೀಟಿನ ಮಾಡು, ಪಾಳಿಯವರನ್ನು ತುಂಬಿಕೊಂಡು ಓಡುವ ಬಸ್ಸು, ನಡುವೆ ನಮ್ಮ ಗದ್ದೆ.

ಆ ತಾರಸಿಯ ಕೆಳಗಿನ ಅಂತಸ್ತು ವಿಮಲಳದು. ನೆಲದ ಮನೆ ನನ್ನದು. ನನ್ನ ಮನೆಯವರು ಇದ್ದಾಗ ಕಟ್ಟಿಸಿದ್ದು. ಅವರು ಹೋದ ಮೇಲೆ ನಾನೇ ಅವಳಿಗೆ, "ಮೇಲೆ ಜಾಗ ಖಾಲಿ ಇದೆ, ಕಟ್ಟಿಸ್ಕೊ. ಇನ್ನೂ ಎಷ್ಟು ದಿನ ಕಂಡೋರ ಮನೆ ಬಾಗಿಲಿಗೆ ರಂಗೋಲಿ ಹಾಕ್ತೀಯ?" ಎಂದೆ. ಹುಟ್ಟಿದಂದಿನಿಂದ ಅವಳು ಬಾಡಿಗೆ ಮನೆಯಲ್ಲೇ ಇದ್ದವಳು. ಚಾಮರಾಜಪುರದ ಒಂದು ಬೀದಿಯಿಂದ ಇನ್ನೊಂದು ಬೀದಿಗೆ, ಆ ಬೀದಿಯಿಂದ ಮತ್ತೊಂದು ಬೀದಿಗೆ, ಹೊಲಿಗೆ ಮಿಷನ್ನನ್ನು ತಳ್ಳುಗಾಡಿಯ ಮೇಲಿಟ್ಟುಕೊಂಡು ಹೊರಟವಳು. ಹೋದ ಮನೆಯಲ್ಲೆಲ್ಲ ಒಂದೇ ಕಥೆ: ಓನರ್ ಮಗಳಿಗೆ ಮದುವೆ, ಓನರ್ ಮಗನಿಗೆ ಮದುವೆ, ಇಲ್ಲವೇ ಓನರಿಗೇ ಮೂಗಿನ ಮೇಲೆ ಸಿಟ್ಟು; ಖಾಲಿ ಮಾಡಿ. ಅಮ್ಮನ ದಸರಾ ಬೊಂಬೆಗಳ ಪೆಟ್ಟಿಗೆ ಅವಳ ಪಾಲಿಗೆ ಬಂದಿತ್ತು. ಎಲ್ಲ ಮನೆಗಳಲ್ಲೂ ಅದು ಮಂಚದ ಕೆಳಗೇ ಇತ್ತು. ಅಂಗೈಯಗಲದ ಕೋಣೆಯಲ್ಲಿ ಒಂಬತ್ತು ಮೆಟ್ಟಿಲು ಎಲ್ಲಿ ಕಟ್ಟುವುದು? ಆದ್ದರಿಂದ ಮಹಡಿಯ ಬಗ್ಗೆ ಅವಳಿಗಿದ್ದದ್ದು ಒಂದೇ ಹಟ: "ಈ ದಸರಾಕ್ಕೆ ನನ್ನ ಮನೇಲಿ ನನ್ನ ಬೊಂಬೆ ಕೂರಬೇಕು. ಆಮೇಲೆ ನಾನು ಸತ್ರೂ ಚಿಂತೆಯಿಲ್ಲ."

"ಬೊಂಬೆ ಎತ್ತಿ ಇಟ್ಟಾದ್ರೂ ಸಾಯಿ. ನಂಗೆ ಪೆಟ್ಟಿಗೆ ಕಟ್ಟೋಕೆ ಬರಲ್ಲ" ಎಂದಿದ್ದೆ.

ಬಾಡಿಗೆ ಮನೆಗಳು ಅವಳಿಗೆ ಇನ್ನೊಂದು ಆಸ್ತಿಯನ್ನೂ ಕೊಟ್ಟಿದ್ದವು: ವಾಸ್ತುವಿನ ಮೇಲೆ ಅಪಾರ ನಂಬಿಕೆ. ಎಷ್ಟೊಂದು ಮನೆಗಳಿಂದ ಎಬ್ಬಿಸಿಕೊಂಡವಳಿಗೆ ಓನರುಗಳನ್ನು ಬೈಯುವುದಕ್ಕಿಂತ ದಿಕ್ಕುಗಳನ್ನು ಬೈಯುವುದು ಸುಲಭವಾಗಿ ಕಂಡಿರಬೇಕು. ಒಂದು ಮನೆಗೆ ಬಾಗಿಲು ತಪ್ಪು ದಿಕ್ಕಿಗೆ, ಇನ್ನೊಂದಕ್ಕೆ ಬಾವಿ ತಪ್ಪು ಮೂಲೆಗೆ, ಎಲ್ಲದಕ್ಕೂ ನೈಋತ್ಯ ತಗ್ಗು. "ನೈಋತ್ಯ ಎತ್ತರವಾಗಿ, ಭಾರವಾಗಿ ಇರಬೇಕು. ಅದು ತಗ್ಗಾದ್ರೆ ಯಜಮಾನ ನಿಲ್ಲಲ್ಲ" ಎಂದು ನನ್ನ ಮನೆಯ ನೈಋತ್ಯಕ್ಕೂ ರುಬ್ಬುವ ಕಲ್ಲು ಉರುಳಿಸಿದ್ದಾಳೆ. ನಮ್ಮ ಯಜಮಾನರು ಅದಕ್ಕೂ ಮುಂಚೆಯೇ ಹೋಗಿದ್ದರು. ಕಲ್ಲು ತಡವಾಗಿ ಬಂತು ಅಷ್ಟೇ ಎಂದು ಅವಳ ವಾದ.

ಇರಲಿ. ಹಕ್ಕಿ ಕಾಯುತ್ತಿದೆ.

ಚೈತ್ರದಲ್ಲಿ ಮೋಲ್ಡಿಂಗ್ ಆಯಿತು. ವಾರ ಕಳೆದಿರಬೇಕು, ಬೆಳಗಿನ ಕಾಫಿ ಹೊತ್ತಿಗೆ ತಲೆಯ ಮೇಲೆ ಕೂಗಾಟ ಶುರುವಾಯಿತು. ಟೀ ಟೀ ಟಿರೀ, ಟಿಟ್ಟಿಟ್ಟಿರೀ. ಜಗಳದ ಮಧ್ಯಕ್ಕೇ ಹುಟ್ಟಿದಂಥ ದನಿ. ಮೇಲೆ ಹೋಗಿ ನೋಡಿದೆ. ನೀರಿನ ಮಡಿಯೊಂದರಲ್ಲಿ, ಹೊಸದಾಗಿ ಗದ್ದೆ ಕೊಂಡವರಂತೆ, ಎರಡು ಟಿಟ್ಟಿಭಗಳು ಓಡಾಡುತ್ತಿದ್ದವು.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು. ಈ ಹಕ್ಕಿಯನ್ನು ಬಣ್ಣ ಜಾಸ್ತಿ ಬಳಸುವ ಮಕ್ಕಳ ಮುಂದೆ ಇಟ್ಟು ಪಾಠ ಹೇಳಬೇಕು. ಬೆನ್ನೆಲ್ಲ ಒಂದೇ ಕಂಚಿನ ಕಂದು. ಮಣ್ಣಿನ ಮೇಲೆ ಕೂತರೆ ಮಣ್ಣೇ. ಹೊಟ್ಟೆ ಬಿಳಿ. ತಲೆ, ಕುತ್ತಿಗೆಯ ಮುಂಭಾಗ, ಎದೆ ಕಪ್ಪು, ವಕೀಲರ ಹಾಗೆ. ಕಣ್ಣಿನ ಹಿಂದಿನಿಂದ ಒಂದು ಬಿಳಿ ಪಟ್ಟಿ ಕುತ್ತಿಗೆಯ ಪಕ್ಕದಲ್ಲಿ ಇಳಿದು ಹೊಟ್ಟೆಯ ಬಿಳಿಗೆ ಸೇರುತ್ತದೆ. ಇಷ್ಟು ಸಂಯಮದಿಂದ ಬಣ್ಣ ಹಚ್ಚಿದ ಮೇಲೆ ಬರೆದವನಿಗೆ ತಡೆಯಲಾಗಿಲ್ಲ. ಕೊಕ್ಕಿಗೆ ಕೆಂಪು, ತುದಿಗೆ ಮಾತ್ರ ಕಪ್ಪು. ಕಣ್ಣಿನ ಮುಂದೆ ಒಂದು ಚೂರು ಕೆಂಪು ಮಾಂಸದ ಜೋಲು, ಕುಂಕುಮ ಇಡಲು ಹೋಗಿ ಕೈ ಜಾರಿದಂತೆ. ಕಾಲು ಉದ್ದ, ಹಳದಿ, ಕುಂಚದಲ್ಲಿ ಮಿಕ್ಕದ್ದನ್ನೆಲ್ಲ ಕೆಳಕ್ಕೆ ಎಳೆದು ಮುಗಿಸಿದ ಹಾಗೆ. ಗಂಡು ಹೆಣ್ಣು ಒಂದೇ ರೂಪ. ಯಾರು ಯಾರ ಮೇಲೆ ಕೂಗುತ್ತಿದ್ದಾರೆ ಎಂಬುದು ಅವಕ್ಕೆ ಮಾತ್ರ ಗೊತ್ತು.

ನೀರಂಚಿನ ಹಕ್ಕಿ ಅದು. ಕೆರೆಯ ದಡ, ಉತ್ತ ಹೊಲ, ಗದ್ದೆಯ ಬದು, ಕಲ್ಲು ಹರಡಿದ ಬಯಲು, ಇಂಥಲ್ಲಿ ವಾಸ. ಮರ ಹತ್ತುವುದಿಲ್ಲ, ಕೊಂಬೆ ಹಿಡಿಯುವುದಕ್ಕೆ ಬೇಕಾದ ಹಿಂಬೆರಳು ಇದ್ದೂ ಇಲ್ಲದಂತೆ. ಗೂಡು ಕಟ್ಟುವ ಗೋಜಿಗೂ ಹೋಗುವುದಿಲ್ಲ. ಬರಿ ನೆಲವನ್ನು ಒಂಚೂರು ಕೆದಕಿ, ಸುತ್ತ ನಾಲ್ಕು ಕಲ್ಲುಚೂರು ಸರಿಸಿ, ನಾಲ್ಕು ಮೊಟ್ಟೆ ಇಟ್ಟುಬಿಡುತ್ತದೆ. ಮೊಟ್ಟೆಗೂ ಜಲ್ಲಿಗೂ ವ್ಯತ್ಯಾಸ ಹುಡುಕಬೇಕು. ನಮ್ಮ ತಾರಸಿಯ ಮೇಲೆ ಮೋಲ್ಡಿಂಗಿಗೆ ತಂದು ಮಿಕ್ಕ ಜಲ್ಲಿಯನ್ನು ಮೇಸ್ತ್ರಿ ಒಂದು ಮೂಲೆಗೆ ಗುಡ್ಡೆ ಹಾಕಿಸಿದ್ದ. ಮಣ್ಣಿನ ಬಣ್ಣಕ್ಕೆ ಕಪ್ಪು ಮಸಿ ಚೆಲ್ಲಿದಂಥ ನಾಲ್ಕು ಮೊಟ್ಟೆಗಳನ್ನು, ಚೂಪು ತುದಿಗಳನ್ನು ಒಳಕ್ಕೆ ಕೂಡಿಸಿ, ಆ ಗುಡ್ಡೆಯ ಪಕ್ಕದಲ್ಲಿ ಇಟ್ಟಿತ್ತು. ಮೂಲೆ ಯಾವುದು ಎಂದು ಕೇಳುತ್ತೀರಾ? ಶೀರ್ಷಿಕೆಯಲ್ಲೇ ಹೇಳಿದ್ದೇನೆ.

"ನೋಡೇ, ನಮ್ಮ ರೈಲು ಹಕ್ಕಿ!" ಎಂದೆ ವಿಮಲಳಿಗೆ.

"ಯಾವ ರೈಲು ಹಕ್ಕಿ?"

"ಚಾಮರಾಜಪುರದ್ದು. ಹಳಿ ಮಧ್ಯೆ ಮೊಟ್ಟೆ ಇಟ್ಟು ಮರಿ ಮಾಡ್ತಲ್ಲ."

"ಮರಿ ಎಲ್ಲಿ ಮಾಡ್ತು? ಗ್ಯಾಂಗ್‌ನವರು ಬಂದು ಜಲ್ಲಿ ಎಳೆದ್ರು, ಮೊಟ್ಟೆ ಎಲ್ಲಾ ಹೋಯ್ತು. ನೀನು ಅತ್ತುಬಿಟ್ಟೆ ಕಣೆ."

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಚಿಕ್ಕವರಾಗಿದ್ದಾಗ ನಮ್ಮ ಬಾಡಿಗೆ ಮನೆಯ ಹಿತ್ತಲಿನಾಚೆ ರೈಲುಹಳಿ. ಅಮ್ಮನ ಹೇರ್‌ಪಿನ್ ಕದ್ದು ಹಳಿಯ ಮೇಲಿಟ್ಟು, ರೈಲು ಹೋದ ಮೇಲೆ ಅದು ಪುಟ್ಟ ಕತ್ತಿಯಾಗಿರುವುದನ್ನು ಆಯ್ದು ತರುವುದು ನಮ್ಮ ಆಟ. ಅಮ್ಮನ ಜಡೆ ಬಿಚ್ಚಿದಷ್ಟೂ ನಮ್ಮ ಸೈನ್ಯ ಬೆಳೆಯುತ್ತಿತ್ತು. ಹಾಗೆ ಹಾರಿಹೋದ ಕತ್ತಿಯೊಂದನ್ನು ಹುಡುಕುವಾಗ ಜಲ್ಲಿಯಲ್ಲಿ ಮೊಟ್ಟೆಗಳು ಸಿಕ್ಕವು. ರೈಲು ಬರುವಾಗ ಹಕ್ಕಿ ಎದ್ದು, ಓಡದೆ, ಸ್ಟೇಷನ್ ಮಾಸ್ತರರ ಹಾಗೆ ಪಕ್ಕಕ್ಕೆ ನಿಂತು, ಕೊನೆಯ ಡಬ್ಬಿ ದಾಟಿದ ಮೇಲೆ ಮತ್ತೆ ಬಂದು ಕೂರುತ್ತಿತ್ತು. ಇಷ್ಟರವರೆಗೆ ನಾವಿಬ್ಬರೂ ಒಪ್ಪುತ್ತೇವೆ. ಮುಂದಿನದಕ್ಕೆ ಎರಡು ಪಾಠಾಂತರ. ನನ್ನದರಲ್ಲಿ ಮರಿಗಳು ಮೊಟ್ಟೆಯೊಡೆದು ಬಂದು ಹಳಿಯ ನೆರಳಿನಲ್ಲಿ ಓಡುತ್ತವೆ. ಅವಳದರಲ್ಲಿ ಜಲ್ಲಿ ಸರಿಪಡಿಸುವ ಆಳುಗಳು, ಮುಳ್ಳುಗುದ್ದಲಿ, ಹಳದಿಯ ಕಲೆ. ನಾನು ಎಷ್ಟೋ ತರಗತಿಗಳಿಗೆ ಮರಿಗಳ ಕಥೆ ಹೇಳಿದ್ದೇನೆ, ಬೋರ್ಡಿನ ಮೇಲೆ ಬಿಡಿಸಿಯೂ ತೋರಿಸಿದ್ದೇನೆ. ಬಿಡಿಸಿ ತೋರಿಸಿದ್ದು ಸುಳ್ಳಾಗುವುದು ಹೇಗೆ? ಆದರೂ ವಿಮಲಾ "ನೀನು ಅತ್ತುಬಿಟ್ಟೆ ಕಣೆ" ಎಂದಾಗ ಗಂಟಲಲ್ಲಿ ಏನೋ ಉಪ್ಪುಪ್ಪು ತಗುಲಿತು. ಅತ್ತ ನೆನಪಿಲ್ಲ, ಉಪ್ಪಿನ ನೆನಪಿದೆ. ಇಂಥ ಸಾಕ್ಷಿಯನ್ನು ಯಾವ ನ್ಯಾಯಾಧೀಶರು ಒಪ್ಪುತ್ತಾರೆ?

ಮೊದಮೊದಲು ವಿಮಲಳಿಗೆ ಹಕ್ಕಿಯ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ಪ್ರೀತಿ ಇದ್ದವಳು ನಾನು. ಆ ಪ್ರೀತಿಯನ್ನು ಹಕ್ಕಿ ನೆತ್ತಿಯ ಮೇಲೆ ಎರಗಿ ಎರಗಿ ತೀರಿಸುತ್ತಿತ್ತು. ಚಿತ್ರ ಬಿಡಿಸೋಣವೆಂದು ಕುರ್ಚಿ, ಹಲಗೆ, ಛತ್ರಿ ಹಿಡಿದು ಹೋದರೆ ಒಂದು ಹಕ್ಕಿ ಮೊಟ್ಟೆಯಿಂದ ಮೆಲ್ಲನೆ ಎದ್ದು ಬಗ್ಗಿಕೊಂಡು ದೂರ ಓಡಿ, ಅಲ್ಲಿಂದ ತನ್ನ ಮನೆ ಅಲ್ಲೆಲ್ಲೋ ಇದೆ ಎಂಬಂತೆ ಕೂಗುತ್ತಿತ್ತು. ಇನ್ನೊಂದು ಆಕಾಶದಿಂದ ಕಿವಿಯ ಪಕ್ಕಕ್ಕೇ ಬೀಳುತ್ತಿತ್ತು. ಮೇಸ್ತ್ರಿ ಸಿದ್ದರಾಜುವಿನ ಆಳುಗಳಿಗೂ ಇದೇ ಸನ್ಮಾನವಾಗಿ, ನೀರು ಬಿಡಲು ಮೇಲೆ ಹೋಗುವುದಿಲ್ಲ ಎಂದುಬಿಟ್ಟರು. ಕಾಂಕ್ರೀಟು ಬಿರುಕು ಬಿಟ್ಟೀತೆಂದು ವಿಮಲಳೇ ಪೈಪು ಎತ್ತಿಕೊಂಡಳು.

ಅವಳ ಮೇಲೆ ಅವು ಎರಗಲಿಲ್ಲ. ಒಂದೆರಡು ದಿನ ಕೂಗಿದವು. ಆಮೇಲೆ ಅದೂ ಇಲ್ಲ. ಬಿಸಿಲು ನೆತ್ತಿಗೇರಿದಾಗ ಇವಳು ಮಡಿಗಳಿಗೆ ನೀರು ತುಂಬುತ್ತಿದ್ದಂತೆ ಹಕ್ಕಿ ಮೊಟ್ಟೆಯಿಂದ ಎದ್ದು ಬಂದು ನೀರಲ್ಲಿ ಕೂತು, ಎದೆ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು, ತೊಟ್ಟಿಕ್ಕುತ್ತಲೇ ಓಡಿ ಹೋಗಿ ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಬಿಸಿಲಿಗೆ ಮೊಟ್ಟೆ ಬೇಯದಿರಲಿ ಎಂದು. ಸ್ವಲ್ಪ ಹೊತ್ತಿಗೆ ಜೊತೆಗಾರ ಬಂದು ಪಾಳಿ ಬದಲಿಸುತ್ತಿತ್ತು. ಅದರದೂ ಹೊಟ್ಟೆ ಒದ್ದೆ. ಕೆಳಗೆ ರಸ್ತೆಯಲ್ಲಿ ಕಾರ್ಖಾನೆ ಬಸ್ಸು, ಮೇಲೆ ಇವುಗಳ ಪಾಳಿ.

"ಅಕ್ಕಾ, ಅದೂ ಕ್ಯೂರಿಂಗ್ ಮಾಡ್ತಿದೆ ಕಣೇ!" ಎಂದು ವಿಮಲಾ ಮೆಟ್ಟಿಲಿಳಿದು ಬಂದು ಹೇಳಿದ ದಿನ ಅವಳ ಸೀರೆಯ ಅಂಚೆಲ್ಲ ಒದ್ದೆಯಾಗಿತ್ತು. ಆ ದಿನದಿಂದ ಹಕ್ಕಿ ನನ್ನ ಕೈತಪ್ಪಿ ಅವಳದಾಯಿತು. ಇದನ್ನು ನಾನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಬಿಡಿಸಿದವಳು ನಾನು, ನೆಂಟಸ್ತಿಕೆ ಬೆಳೆಸಿದವಳು ಅವಳು.

ಸಿದ್ದರಾಜು ಮೈಸೂರಿನ ಆಚೆ ಹಳ್ಳಿಯವನು. ಹಕ್ಕಿಯ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದೇ ಇಲ್ಲ, ಗೊತ್ತಿರುವುದರಲ್ಲಿ ನಿಜವೂ ಅಷ್ಟಾಗಿ ಇಲ್ಲ. "ಇದು ರಾತ್ರಿ ಕಾಲು ಮ್ಯಾಕ್ಕೆ ಮಾಡ್ಕಂಡು ಮನಗ್ತದೆ ಕಣಮ್ಮ. ಯಾಕೆ ಏಳಿ? ಆಕಾಸ ಬಿದ್ರೆ ಇಡ್ಕಳಕೆ."

"ನೀವು ನೋಡಿದ್ದೀರಾ?" ಎಂದೆ.

"ನಾನ್ಯಾಕೆ ನೋಡ್ಲಿ? ಆಕಾಸ ಬಿದ್ದೈತಾ ಇದುವರ್ಗೂ? ಇಲ್ಲ ತಾನೆ? ಮತ್ತೆ!"

ಅವನ ತರ್ಕದ ಮಾದರಿ ಇದು. ಇನ್ನೊಂದು: ಎತ್ತರದಲ್ಲಿ ಮೊಟ್ಟೆಯಿಟ್ಟರೆ ಆ ವರ್ಷ ಮಳೆ ವಿಪರೀತ. "ಎರಡನೇ ಮಾಡಿ ಮ್ಯಾಲೆ ಇಟ್ಟದೆ ಅಂದ್ರೆ ಮೈಸೂರೇ ಮುಳುಗ್ತದೆ ಬುಡಿ. ಅದುಕ್ಕೇ ಏಳಾದು, ಬೇಗ ವಾಟರ್‌ಪ್ರೂಫ್ ಮಾಡಿಬುಡವ."

ಹೀಗೆ ಹಾಸ್ಯದಲ್ಲಿ ಬಂದ ಮಾತು ಕ್ಯೂರಿಂಗ್ ಮುಗಿದ ದಿನ ಹಾಸ್ಯವಾಗಿ ಉಳಿಯಲಿಲ್ಲ. ಇನ್ನು ಮಡಿ ಒಡೆದು, ನೀರು ಹರಿಸಿ, ಮೇಲೆ ಇಳಿಜಾರಿನ ಗಾರೆ ಹಾಕಿ, ಸುತ್ತ ಪ್ಯಾರಪೆಟ್ ಗೋಡೆ ಏರಿಸಬೇಕು. ಮೇಲಿನದು ಮುಗಿಯದೆ ಒಳಗೆ ಪ್ಲಾಸ್ಟರಿಂಗ್ ಮಾಡುವುದಿಲ್ಲ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಮಳೆ ಬಂದು ಸೋರಿದರೆ ಹೆಸರು ಅವನದೇ ಕೆಡುತ್ತದೆ. ಹಕ್ಕಿಯೋ ಇನ್ನೂ ಮೊಟ್ಟೆಯ ಮೇಲೆ. ಕಾವು ಒಂದು ತಿಂಗಳ ಹತ್ತಿರ ಬೇಕು, ಅದು ಆರಂಭಿಸಿದ್ದೇ ನಮ್ಮ ಮೋಲ್ಡಿಂಗಿನ ವಾರದ ಮೇಲೆ. ಮರಿಯಾದರೂ ಸುಖವಿಲ್ಲ. ಟಿಟ್ಟಿಭದ ಮರಿಗೆ ತಾಯಿ ಬಾಯಿಗೆ ತುತ್ತು ಇಡುವುದಿಲ್ಲ. ಗರಿ ಒಣಗುತ್ತಿದ್ದಂತೆ ಎದ್ದು ತಾನೇ ಮೇಯಲು ಹೋಗಬೇಕು. ತಾರಸಿಯಲ್ಲಿ ಮೇಯಲು ಏನಿದೆ? ಅದು ಅಂಚಿನಿಂದ ಧುಮುಕಿ ನೆಲ ಸೇರಬೇಕು. ಸುತ್ತ ಗೋಡೆ ಎದ್ದರೆ ಒಳಗೇ ಸುತ್ತಿ ಸುತ್ತಿ ಬಿಸಿಲಿಗೆ ಒಣಗಬೇಕು.

ನಾವು ಮೂವರೂ ತಾರಸಿಯ ಮೆಟ್ಟಿಲ ಬಾಯಲ್ಲಿ ನಿಂತಿದ್ದೆವು.

"ಓಡ್ಸಿಬುಡವ ಕಣಮ್ಮ" ಎಂದ ಸಿದ್ದರಾಜು. "ಮೊಟ್ಟೆನ ಬಾಂಡ್ಲಿಗೆ ಎತ್ತಾಕಂಡು ಪಕ್ಕದ ಸೈಟಲ್ಲಿ ಇಟ್ಬುಟ್ರೆ ಅಲ್ಲೇ ಕೂತ್ಕತದೆ."

"ಕೂರಲ್ಲ" ಎಂದೆ ನಾನು.

"ಕೂರ್ದಿದ್ರೆ ಇನ್ನೊಂದು ಸಲ ಇಡ್ತದೆ. ಅದುಕ್ಕೇನು ಬಾಡ್ಗೆ ಕಟ್ಬೇಕಾ? ನಂಗೆ ಆ ಕಡೆ ಇನ್ನೊಂದು ಮನೆ ಒಪ್ಕಂಡಾಗದೆ. ಈಗ ಇಲ್ಲಿ ಬುಟ್ಟು ಓದ್ರೆ ಆಳು ಚದರೋಯ್ತಾರೆ. ನಾನು ತಿರ್ಗ ಬರಾದು ಸ್ರಾವಣ ಕಳುದ್ಮೇಲೆ. ಆಮೇಲೆ ನಿಮ್ ದಸರಾಕ್ಕೆ ಮನೆ ಆಗ್ನಿಲ್ಲ ಅಂತ ನನ್ನ ಬಯ್ಯಂಗಿಲ್ಲ."

ವಿಮಲಾ ಮೆಟ್ಟಿಲ ಕೆಳಕ್ಕೆ ಬಗ್ಗಿ ನೋಡಿದಳು. ಹೆಗಲ ಮೇಲಿನ ಪೈಪಿನಿಂದ ಹನಿ ಹನಿ ಬೀಳುತ್ತಿತ್ತು. ಅವಳ ಕಣ್ಣು ಕೆಳಗಿನ ಅಂತಸ್ತಿನ ಹಜಾರದ ಕಡೆಗಿತ್ತು. ಬೊಂಬೆ ಮೆಟ್ಟಿಲು ಅಲ್ಲಿ ಯಾವ ಗೋಡೆಗೆ ಆನಬೇಕೆಂದು ಇಟ್ಟಿಗೆ ಕೆಲಸ ನಡೆಯುವಾಗಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ನನಗೆ ಅವಳು "ಓಡಿಸಿ" ಎನ್ನುತ್ತಾಳೆ ಅನ್ನಿಸಿತು. ಅಂದಿದ್ದರೆ ನಾನು ಅವಳನ್ನು ದೂರುತ್ತಿರಲಿಲ್ಲ.

"ಸಿದ್ದರಾಜು" ಎಂದಳು ಕೊನೆಗೆ, "ಮೊಟ್ಟೆ ಇಟ್ಟು ಕೂತಿರೋರನ್ನ ನಡುವೆ ಎಬ್ಬಿಸಿ ಖಾಲಿ ಮಾಡಿ ಅನ್ನೋಕೆ ನಾನೇನು ಚಾಮರಾಜಪುರದ ಓನರ‍್ರಾ?"

"ಅಂಗಲ್ಲ ಕಣಮ್ಮ..."

"ಮೂರು ಕಡೆ ಗೋಡೆ ಎಬ್ಬಿಸಿ. ಈಶಾನ್ಯದಿಂದ ಶುರು ಮಾಡಿ. ಆ ಮೂಲೆ ಬಿಟ್ಬಿಡಿ."

"ನೈರುತ್ಯನಾ? ನೀವಾ ಏಳ್ತಾ ಇರಾದು?" ಸಿದ್ದರಾಜು ನನ್ನ ಮುಖ ನೋಡಿದ. ಕೆಲಸ ಹಿಡಿದಾಗಿನಿಂದ ನೈಋತ್ಯದ ಬಗ್ಗೆ ಅವಳಿಂದ ಅವನು ಕೇಳಿದ ಉಪನ್ಯಾಸಗಳ ಆಯಾಸವೆಲ್ಲ ಆ ನೋಟದಲ್ಲಿತ್ತು. "ಆ ಮೂಲೆ ತಗ್ಗಾದ್ರೆ ಯಜಮಾನಿ ನಿಲ್ಲಕಿಲ್ಲ ಅಂತ ನೀವೇ ಅಂದ್ರಿ."

"ನಾನೆಲ್ಲಿ ನಿಂತಿದ್ದೆ ಇದುವರೆಗೆ?" ಎಂದಳು.

ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಗೊರಕೆ ಹೊಡೆದಳು. ಬೆಳಗ್ಗೆ ಎದ್ದು ಮಾತ್ರ ನೈಋತ್ಯದಲ್ಲಿದ್ದ ನನ್ನ ರುಬ್ಬುವ ಕಲ್ಲಿನ ಪಕ್ಕಕ್ಕೆ ಇನ್ನೊಂದು ಕಲ್ಲು ಉರುಳಿಸುತ್ತಿದ್ದಳು; ಮೇಲಿನ ತಗ್ಗಿಗೆ ಕೆಳಗೆ ಪರಿಹಾರ. ಹೆದರಿಕೆ ಇದ್ದೇ ಇತ್ತು. ಇದ್ದೂ ಹೇಳಿದ್ದಳು.

ಮೂರು ಕಡೆ ಗೋಡೆ ಎದ್ದಿತು. ಗಾರೆಯವರ ತಲೆಗೆ ಹಕ್ಕಿ, ಹಕ್ಕಿಗೆ ಗಾರೆಯವರು. ಇಬ್ಬರೂ ಸಾಕಷ್ಟು ಬೈದುಕೊಂಡರು. ಮಡಿಗಳನ್ನು ಒಡೆಯಲು ವಿಮಲಾ ಬಿಡಲಿಲ್ಲ. "ಜಾಸ್ತಿ ಕ್ಯೂರಿಂಗ್ ಆದ್ರೆ ಜಾಸ್ತಿ ಗಟ್ಟಿ" ಎಂದು ಅವಳು ಈಗಲೂ ಹೇಳುವ ಮಾತು ಅಲ್ಲಿಂದ ಶುರುವಾದದ್ದು. ಮಾತಿನಂತೆ ಸಿದ್ದರಾಜು ತನ್ನ ಆಳುಗಳನ್ನು ಕಟ್ಟಿಕೊಂಡು ಇನ್ನೊಂದು ಮನೆಗೆ ಹೋದ. ಅವನನ್ನು ದೂರುವಂತಿಲ್ಲ, ಹೇಳಿಯೇ ಹೋದವನು.

ಅವನು ಹೋದ ಕೆಲವೇ ದಿನಕ್ಕೆ ಮೊಟ್ಟೆಯೊಡೆದು ಮರಿಗಳು ಬಂದವು. ಮೂರು. ಒಂದು ಮೊಟ್ಟೆ ಹಾಗೇ ಉಳಿಯಿತು. ನಿಂಬೆಹಣ್ಣಿನಷ್ಟು ಮೈ, ಕಡ್ಡಿ ಕಾಲು, ಮರಳಿನ ಮೇಲೆ ಕಾಫಿಪುಡಿ ಉದುರಿಸಿದ ಬಣ್ಣ, ಕುತ್ತಿಗೆಗೆ ಬಿಳಿ ಪಟ್ಟಿ. ತಾಯಿ ಒಂದು ಸಲ ಕೂಗಿದರೆ ಇದ್ದಲ್ಲೇ ಕವುಚಿ ಜಲ್ಲಿಯಾಗಿಬಿಡುತ್ತಿದ್ದವು. ಮಡಿಯಂಚಿನ ಹುಳು ಹೆಕ್ಕುತ್ತ ಅವು ಒಂದು ಹಗಲು ಕಳೆದವು. ಮಾರನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ ತಾಯಿ ತಂದೆ ಎರಡೂ ತಾರಸಿ ಬಿಟ್ಟು ಪಕ್ಕದ ಖಾಲಿ ಸೈಟಿಗಿಳಿದು, ಅಲ್ಲಿಂದ ಕರೆಯತೊಡಗಿದವು. ಬೈಗುಳವಲ್ಲದ ದನಿ. ಅವುಗಳಿಗೆ ಅಂಥದೂ ಒಂದು ಇದೆಯೆಂದು ಅವತ್ತೇ ತಿಳಿದದ್ದು.

ವಿಮಲಳಿಗೆ ಅರ್ಥವಾಯಿತು. "ಅಕ್ಕಾ, ಇಳಿಸ್ತಾವೆ ಕಣೇ ಈಗ!" ಎಂದವಳೇ ಟೈಲರಿಂಗಿನ ಚಿಂದಿ ತುಂಬಿದ್ದ ಮೂಟೆಗಳನ್ನು ಎಳೆದುಕೊಂಡು ಓಡಿದಳು. ವರ್ಷಗಟ್ಟಲೆ ಕೂಡಿಟ್ಟ ರವಿಕೆಯ ತುಂಡುಗಳು, ಲೈನಿಂಗು, ಫಾಲು. ಅಷ್ಟನ್ನೂ ನೈಋತ್ಯ ಮೂಲೆಯ ನೇರ ಕೆಳಗೆ ಸೈಟಿನಲ್ಲಿ ಸುರಿದು, ನನ್ನ ಕೈಲಿ ಹರಡಿಸಿ ಮೆತ್ತೆ ಮಾಡಿಸಿದಳು. ಮೈಸೂರಿನ ಅರ್ಧ ಹೆಂಗಸರ ರವಿಕೆಯ ಬಣ್ಣವೆಲ್ಲ ಪಾರ್ಥೇನಿಯಂ ಗಿಡಗಳ ನಡುವೆ ಬಿದ್ದಿತ್ತು. "ನೀನು ಇಲ್ಲೇ ಇರು, ಅಲ್ಲಾಡಬೇಡ" ಎಂದು ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಿಲ್ಲದ ಆ ಅಂಚಿನಲ್ಲಿ ಅವಳ ಕೈಯಷ್ಟೇ ಕಾಣಿಸಿತು. ಅಂಗೈ ಕೆಳಗೆ ಮಾಡಿ, ಮೆಲ್ಲಗೆ, ಮೆಲ್ಲಗೆ ಎಂಬ ಸನ್ನೆ.

ಮೊದಲನೆಯದು ಅಂಚಿಗೆ ಬಂತು. ಹಿಂದೆ ಸರಿಯಿತು. ಮತ್ತೆ ಬಂತು. ಎರಡು ಅಂತಸ್ತು ಕೆಳಗಿನಿಂದ ತಾಯಿ ಕರೆಯಿತು. ಅದು ಬಿದ್ದಿತೆನ್ನಲೇ, ಹಾರಿತೆನ್ನಲೇ, ಗಾಳಿಗೆ ಬಿಟ್ಟ ಬೂದಿಯುಂಡೆಯಂತೆ ಬಂದು, ಮೆತ್ತೆಯನ್ನು ಸಂಪೂರ್ಣ ಧಿಕ್ಕರಿಸಿ ಆಚೆ ಬರಿ ನೆಲದ ಮೇಲೆ ಬಿದ್ದು, ಪುಟಿದು, ಎದ್ದು, ಓಡಿತು. ಆ ಓಟ ನೋಡಿದರೆ ಬಿದ್ದದ್ದು ಅದಲ್ಲ, ನಾನು. ಎರಡನೆಯದೂ ಹಾಗೇ, ಮೆತ್ತೆ ಅದಕ್ಕೂ ಬೇಡವಾಯಿತು. ನಾನು ಕಣ್ಣು ಒರೆಸಿಕೊಂಡೆ. ಒರೆಸಿ ತೆಗೆಯುವಷ್ಟರಲ್ಲಿ ಗಿಡಗಳ ಮಧ್ಯೆ ಬೂದಿಯುಂಡೆಗಳು ಓಡುತ್ತಿದ್ದವು. ಮೂರು. ನಾನು ನೋಡಿದ್ದೇನೆ.

ವಿಮಲಾ ಕೆಳಗಿಳಿದು ಬಂದಾಗ ಮುಖ ಬಾಡಿತ್ತು. "ಎರಡೇ ಕಣೇ ಹಾರಿದ್ದು. ಇನ್ನೊಂದು ಕಾಣ್ತಾನೇ ಇಲ್ಲ. ಜಲ್ಲಿ ಎಲ್ಲಾ ಕೈಲಿ ಸವರಿ ನೋಡ್ದೆ."

"ಮೂರೂ ಇಳಿದ್ವು. ನಾನು ನೋಡ್ದೆ."

"ಎಷ್ಟನೇದು ಎಲ್ಲಿ ಬಿತ್ತು?"

"ಬಿದ್ದದ್ದು ನೋಡ್ಲಿಲ್ಲ. ಓಡಿದ್ದು ನೋಡ್ದೆ."

ಅವಳು ನನ್ನ ಮುಖವನ್ನೇ ನೋಡಿದಳು, ಹೊಲಿಗೆಯ ಒಳಮಗ್ಗುಲು ತಿರುವಿ ನೋಡುವ ಹಾಗೆ. "ನಿನಗೆ ಯಾವಾಗ್ಲೂ ಒಂದು ಮರಿ ಜಾಸ್ತಿ" ಎಂದಳು.

ನಡೆದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಹಳಿಯ ಮೇಲಿನ ಮೊಟ್ಟೆಗಳ ವಿಷಯವಾದರೆ ಇಷ್ಟು ದಶಕಗಳ ಧೂಳನ್ನು ಬೈಯಬಹುದಿತ್ತು. ಇದಕ್ಕೆ ಏನನ್ನು ಬೈಯೋಣ? ಆದರೂ ಹೇಳುತ್ತೇನೆ: ಮೂರು. ನನ್ನ ಕಣ್ಣು ಒದ್ದೆಯಾಗಿತ್ತು, ನಿಜ. ಒದ್ದೆಯಾದ ಕಣ್ಣಿಗೆ ಎರಡು ಮೂರಾಗಿ ಕಾಣಬಹುದು, ಅದೂ ನಿಜ. ಮೂರು.

ದಸರಾ ಬಂತು. ಸಿದ್ದರಾಜು ಶ್ರಾವಣ ಕಳೆದ ಮೇಲೆ ಬಂದು ಗಾರೆ ಹಾಕಿದ, ಪ್ಲಾಸ್ಟರಿಂಗಿಗೆ ಕೈ ಹಚ್ಚುವ ಹೊತ್ತಿಗೆ ಹಬ್ಬ ಬಾಗಿಲಲ್ಲಿ ನಿಂತಿತ್ತು. ವಿಮಲಾ ಬರಿ ಇಟ್ಟಿಗೆಯ ಗೋಡೆಗೆ ತನ್ನ ಸೀರೆಗಳನ್ನು ಕಟ್ಟಿ, ಸಾರುವೆಯ ಹಲಗೆಗಳನ್ನೇ ಜೋಡಿಸಿ ಮೆಟ್ಟಿಲು ಮಾಡಿ ಬೊಂಬೆ ಕೂರಿಸಿದಳು. ಪಟ್ಟದ ಬೊಂಬೆಗಳ ಹಿಂದೆ ಸೀರೆ ಸರಿದಾಗಲೆಲ್ಲ ಇಟ್ಟಿಗೆ ಇಣುಕುತ್ತಿತ್ತು. ಬಂದ ಹೆಂಗಸರು, "ಇದೇನ್ರೀ ವಿಮಲಮ್ಮ, ಇನ್ನೂ ಮುಗಿದೇ ಇಲ್ಲ!" ಎನ್ನುವರು. ಕೇಳಿದಾಗಲೆಲ್ಲ ಅವಳ ಕೈ ಸೀರೆಯ ಅಂಚು ಎಳೆದು ಇಟ್ಟಿಗೆ ಮುಚ್ಚುತ್ತಿತ್ತು. ಅದರಿಂದ ಅವಳಿಗೆ ನೋವಾಗಿರಲಿಲ್ಲ ಎಂದು ನಾನು ಹೊಲಿದು ಕೊಡಲಾರೆ.

ಬೊಂಬೆಗಳ ಮುಂದೆ ರಾಗಿ ಪೈರಿನ ಪಾರ್ಕು ಮಾಡುವುದು ನಮ್ಮ ಕಡೆ ರೂಢಿ. ಕೆರೆಗೆಂದು ನಡುವೆ ಒಂದು ಕನ್ನಡಿ ಇಡುತ್ತಾರೆ. ಅವಳು ಕನ್ನಡಿ ಇಡಲಿಲ್ಲ. ಗಾರೆಯಿಂದ ಪುಟ್ಟ ಬದು ಕಟ್ಟಿ, ಚೌಕ ಚೌಕ ಮಡಿ ಮಾಡಿ, ನಿಜವಾದ ನೀರು ತುಂಬಿದ್ದಳು. ಎದುರು ಮನೆಯ ಪುಟ್ಟ ಹುಡುಗಿಗೆ ಕಥೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "...ಮೂರೂ ಮರಿ ಒಂದೊಂದಾಗಿ ಧುಮುಕಿ ಓಡಿದ್ವು ಕಣಮ್ಮ." ನಾನು ತಿರುಗಿ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

"ಮತ್ತೆ ಇಲ್ಲಿ ಹಕ್ಕಿ ಬೊಂಬೆನೇ ಇಟ್ಟಿಲ್ವಲ್ಲ?" ಎಂದಿತು ಮಗು.

"ಅದನ್ನ ಇಡೋದಲ್ಲ. ಅದೇ ಬರಬೇಕು."

ಈಗ ಮತ್ತೆ ಬಿಸಿಲು ಏರಿದೆ. ಮನೆ ಪೂರ್ತಿ ಆಗಿದೆ, ಬಣ್ಣ ಹೊಡೆದಾಗಿದೆ. ಆಗದೆ ಉಳಿದಿರುವುದು ಆ ಮೂಲೆಯ ಗೋಡೆ ಒಂದೇ. ಮೊನ್ನೆ ಸಿದ್ದರಾಜು ತಾನಾಗಿಯೇ ಇಟ್ಟಿಗೆ ತಂದ. "ಬಾಯಿ ಬುಟ್ಕಂಡು ನಿಂತದೆ ಕಣಮ್ಮ ನಿಮ್ ನೈರುತ್ಯ. ನೋಡ್ದೋರು ನನ್ನ ಬಯ್ತಾರೆ. ಯಜಮಾನಿಗೆ ಒಳ್ಳೇದಲ್ಲ."

ವಿಮಲಾ ಅವನಿಗೆ ಕಾಫಿ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಕಾದು, "ಆ ಮೂಲೆಗೆ ನಾನು ಯಜಮಾನಿ ಅಲ್ಲ ಕಣ್ರೀ" ಎಂದಳು. ಇಟ್ಟಿಗೆಗಳು ಈಗ ನನ್ನ ಮನೆಯ ನೈಋತ್ಯದಲ್ಲಿ, ಎರಡು ಕಲ್ಲುಗಳ ಜೊತೆಗಿವೆ. ಅಲ್ಲಿ ಭಾರಕ್ಕೇನೂ ಕೊರತೆಯಿಲ್ಲ.

ನಿನ್ನೆ ಮಧ್ಯಾಹ್ನದ ಮಾತು. ಇನ್ನೂ ಇಸ್ತ್ರಿ ಹಾಕಿಲ್ಲ, ಸುಕ್ಕಿನ ಸಮೇತ ಕೊಡುತ್ತಿದ್ದೇನೆ. ಅವಳು ಪೈಪು ಹೊತ್ತು ಮೇಲೆ ಹೋದಳು. "ಬಿಡೇ ನೀರು!" ಎಂದಳು, ತಿರುಗಿಸಿದೆ. ತುಸು ಹೊತ್ತಿಗೆ, "ನಿಲ್ಸು!" ಎಂಬ ದನಿ, ಪಿಸುಮಾತಿನಲ್ಲಿ ಕೂಗಿದಂತೆ. ನಿಲ್ಲಿಸಿದೆ. ಅವಳು ಇಳಿದು ಬರಲಿಲ್ಲ. ಅಂಗಳಕ್ಕೆ ಬಂದು ತಲೆಯೆತ್ತಿದೆ. ಗೋಡೆಯಿಲ್ಲದ ಅಂಚಿನಲ್ಲಿ ಒಂದು ಕೈ, ಅಂಗೈ ಕೆಳಗೆ ಮಾಡಿ: ಮೆಲ್ಲಗೆ. ಆಮೇಲೆ ಬಿಸಿಲಿನ ಮೇಲೆ ಆ ಬೈಗುಳ, ಟಿಟ್ಟಿಟ್ಟಿರೀ.

ಬಹಳ ಹೊತ್ತಿನ ಮೇಲೆ ಬಂದಳು. ಸೀರೆಯ ಅಂಚು ಒದ್ದೆ.

"ಒಂದು ಬಂದಿದೆ" ಎಂದಳು.

"ಎರಡು. ನಂಗೆ ಎರಡು ದನಿ ಕೇಳಿಸ್ತು."

"ನೋಡಿದ್ದು ನಾನು ಕಣೇ."

"ಕೇಳಿದ್ದು ನಾನು."

"ಎರಡಾದ್ರೆ ಒಳ್ಳೇದೇ ಬುಡು" ಎಂದು ಒಳಗೆ ಹೋದಳು. ಪೈಪನ್ನು ಮಾತ್ರ ಮೊಳೆಗೆ ಸುತ್ತಿ ಹಾಕಲಿಲ್ಲ; ಸಂಜೆಗೂ ಬೇಕಾದೀತೆಂದು ಮೆಟ್ಟಿಲ ಮೇಲೇ ಬಿಟ್ಟಿದ್ದಳು.